ಹನ್ನೊಂದನೇ ಅಳತೆ

ಬ್ಯುರೆಟ್ ಮತ್ತೆ ಖಾಲಿಯಾಯಿತು. ಅದರ ಕೆಳಗಿದ್ದ ಫ್ಲಾಸ್ಕಿನ ಗುಲಾಬಿ ಬಣ್ಣ ಮಾತ್ರ ಹೋಗಲೊಲ್ಲದು.

"ಇದೇನಮ್ಮ, ಬಕಾಸುರನ ಹೊಟ್ಟೆ ಆಯ್ತಲ್ಲ! ಎಷ್ಟು ಆಸಿಡ್ ಸುರಿದ್ರೂ ಸಾಲ್ದು ಅಂತಿದೆ" ಎಂದು ಗೊಣಗುತ್ತ ತೊಟ್ಟು ಮೇಷ್ಟ್ರು ಆ ಉದ್ದನೆಯ ಗಾಜಿನ ಕೊಳವೆಗೆ ಮತ್ತೆ ಆಸಿಡ್ ತುಂಬಿದರು.

ಸರ್ಕಾರಿ ಪ್ರಯೋಗಾಲಯದ ಮುಖ್ಯಸ್ಥರಿಗೆ ಆ ಹೆಸರಿಟ್ಟವರು ಅವರ ಕೈಕೆಳಗಿನವರೇ. ಒಂದು ತೊಟ್ಟು ಹೆಚ್ಚು ಬಿದ್ದರೆ ಮನೆಯ ಆಸ್ತಿ ಹೋದಂತೆ ಕೂಗಾಡುತ್ತಿದ್ದರು. ಹಿಂದೆ ಕಾಲೇಜಿನಲ್ಲಿ ಪಾಠ ಹೇಳಿದವರು. ಪಾಠ ಬಿಟ್ಟು ವರ್ಷಗಳಾದರೂ ಎದುರಿಗಿದ್ದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಚಟ ಹೋಗಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಕೈಕಟ್ಟಿಕೊಂಡು ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇದೇ.

ಲೋಹದ ಸಾಮಾನು ತೊಳೆದು ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಕಣ್ಣಿಗೆ ಧೂಳು ಬಿತ್ತೆಂದು ಕಣ್ಣು ತೊಳೆಯುವ ಬಾಟ್ಲಿ ಎತ್ತಿಕೊಂಡ ಜೋರಮ್ಮನ ಎರಡೂ ಕಣ್ಣು ಹೋಗಿದ್ದವು. ಆ ಬಾಟ್ಲಿಯಲ್ಲಿದ್ದದ್ದು ಬರೀ ಉರಿ ತರಿಸುವಷ್ಟು ತೆಳು ಕಾಸ್ಟಿಕ್ ಸೋಡಾ ನೀರು ಎಂದು ಇದೇ ಪ್ರಯೋಗಾಲಯ ವರದಿ ಕೊಟ್ಟಿತ್ತು. ಹಾಗಾದರೆ ಲೋಹ ತೊಳೆಯುವ ತೊಟ್ಟಿಯ ಕಾಸ್ಟಿಕ್ಕನ್ನು ಅವಳೇ ಮುಖಕ್ಕೆ ಎರಚಿಕೊಂಡಿರಬೇಕು, ಅಜಾಗರೂಕತೆ ಅವಳದೇ ಎಂದು ಕಾರ್ಖಾನೆಯ ಯಜಮಾನ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ. ಇವತ್ತು ಸಂಜೆ ಇನ್ಸ್‌ಪೆಕ್ಟರಮ್ಮನ ಮೇಲಿನ ಸಾಹೇಬರು ಸಹಿ ಹಾಕಿದರೆ ಕೇಸು ಮುಗಿಯಿತು. ಕಣ್ಣು ಕಳೆದುಕೊಂಡವಳೇ ತಪ್ಪಿತಸ್ಥೆ.

ಒಂದೇ ಒಂದು ಆಸೆ ಉಳಿದಿತ್ತು. ಘಟನೆಯ ದಿನ ಆ ಬಾಟ್ಲಿಯಿಂದ ಎರಡು ಮಾದರಿ ತೆಗೆದಿದ್ದರು. ಒಂದು ಪ್ರಯೋಗಾಲಯಕ್ಕೆ ಹೋಯಿತು. ಇನ್ನೊಂದನ್ನು ಇನ್ಸ್‌ಪೆಕ್ಟರಮ್ಮ ತನ್ನ ಕೈಯಾರೆ ಅರಗಿನ ಮೊಹರು ಹಾಕಿ ಠಾಣೆಯ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದಳು. ಈಗ ಮೇಷ್ಟ್ರ ಮುಂದಿದ್ದದ್ದು ಅದೇ.

ಕೊನೆಗೂ ಒಂದು ತೊಟ್ಟು ಬಿದ್ದಿತು. ಕಾಸ್ಟಿಕ್ ಉಳಿದಿರುವವರೆಗೆ ನಿಲ್ಲುವ ಗುಲಾಬಿ ಬಣ್ಣ ಹೋಯಿತು. ಮೇಷ್ಟ್ರು ಕನ್ನಡಕ ಮೇಲೇರಿಸಿ ಲೆಕ್ಕ ಹಾಕಿದರು. ಲೆಕ್ಕ ಹಾಕಿದ್ದನ್ನೇ ಇನ್ನೊಮ್ಮೆ ಹಾಕಿದರು. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

"2.42 ಮೋಲಾರ್."

"ಅಂದ್ರೆ?"

"ಲೀಟರಿಗೆ ನಲವತ್ತು ಗ್ರಾಂ ಕಾಸ್ಟಿಕ್ ಇದ್ರೆ ಒಂದು ಮೋಲಾರ್. ಇದು ಎರಡೂವರೆ ಹತ್ರ ಹತ್ರ. ಲೀಟರಿಗೆ ಹೆಚ್ಚುಕಡಿಮೆ ನೂರು ಗ್ರಾಂ. ಕಾರ್ಖಾನೇಲಿ ಜಿಡ್ಡು ಕೀಳೋ ತೊಟ್ಟಿಗೆ ಹಾಕೋದು ಇಷ್ಟೇ."

"ನಿಮ್ಮ ವರದೀಲಿ ಎಷ್ಟಿತ್ತು?"

"0.02. ಲೀಟರಿಗೆ ಒಂದು ಗ್ರಾಮೂ ಇಲ್ಲ."

ಒಂದೇ ಬಾಟ್ಲಿಯ ಎರಡು ಗುಟುಕು. ಒಂದು ಕಬ್ಬಿಣದ ಜಿಡ್ಡು ಕೀಳುತ್ತದೆ, ಇನ್ನೊಂದು ಬಟ್ಟೆಯ ಕೊಳೆಯನ್ನೂ ಸರಿಯಾಗಿ ತೆಗೆಯುವುದಿಲ್ಲ.

"ನೋಡಿ ಅಮ್ಮ, ನಮ್ಮ ಹತ್ರ ಏನು ಬರುತ್ತೋ ಅದನ್ನ ಅಳೀತೀವಿ" ಎಂದರು ಮೇಷ್ಟ್ರು. ದನಿ ಸ್ವಲ್ಪ ಏರಿತ್ತು. "ನಮ್ಮ ಲೆಕ್ಕ ತಪ್ಪಿಲ್ಲ. ಅಲ್ಲಿಂದ ಇಲ್ಲಿಗೆ ಬರೋ ದಾರೀಲಿ ಯಾರೋ ನೀರು ಬೆರೆಸಿದಾರೆ ಅಂತ ನೀವು ಹೇಳ್ಬಹುದು. ನಾನು ಒಪ್ಪಲ್ಲ."

"ಯಾಕೆ?"

"ನೀರು ಬೆರೆಸೋನು ಹೇಗೆ ಬೆರೆಸ್ತಾನೆ? ಒಂದು ಪಾಲು ಸರಕು ತಗೊಂಡು, ನೀರು ಸೇರಿಸಿ ಒಟ್ಟು ಹತ್ತು ಪಾಲು ಮಾಡ್ತಾನೆ. ಹತ್ತನೇ ಒಂದಾಯ್ತು. ಇನ್ನೊಂದ್ಸಲ ಹಾಗೇ ಮಾಡಿದ್ರೆ ನೂರನೇ ಒಂದು. ಇಡೀ ಪ್ರಪಂಚದ ಲ್ಯಾಬುಗಳಲ್ಲಿ ಮಾಡೋದು ಹೀಗೇ. 2.42ರಲ್ಲಿ ನೂರನೇ ಒಂದು 0.0242 ಆಗ್ಬೇಕು. ನನ್ನ ವರದೀಲಿರೋದು 0.0200. ನಾನು ಅಷ್ಟೊಂದು ತಪ್ಪು ಅಳೆಯೋನಲ್ಲ. ನಿಮ್ಮ ಎರಡು ಬಾಟ್ಲೀಲಿರೋದೂ ಬೇರೆ ಬೇರೆ ಸರಕು. ಮೊಹರು ಹಾಕೋವಾಗ ನೀವೇ ಅದಲು ಬದಲು ಮಾಡಿದೀರಿ."

ಇನ್ಸ್‌ಪೆಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಗಾಯದ ಮೇಲೆ ಬರೆ ಎಳೆದಂತೆ, ಈಗ ತಪ್ಪು ತನ್ನ ತಲೆಗೇ ಬಂತು.

"ಒಂದು ಅಳತೆ ಗ್ಲಾಸು ಕೊಡಿ. ನಾನೇ ಬೆರೆಸ್ತೀನಿ. ನೀವೇ ಅಳೆಯಿರಿ."

"ಬೆರೆಸಿ. ನನಗೇನು? 0.0242 ಬರುತ್ತೆ, ನೀವೇ ನೋಡ್ತೀರಂತೆ."

ಮೇಷ್ಟ್ರು ಬ್ಯುರೆಟ್ ತೊಳೆಯಲು ನಲ್ಲಿಯ ಕಡೆ ತಿರುಗಿದರು. ಮೇಜಿನ ಮೇಲೆ ಕುತ್ತಿಗೆಯಲ್ಲಿ ಗೆರೆ ಇದ್ದ ಫ್ಲಾಸ್ಕುಗಳು ಸಾಲಾಗಿ ನಿಂತಿದ್ದವು. ಅವಳ ಕೈ ಅವುಗಳ ಕಡೆ ಹೋಗಲಿಲ್ಲ. ಚಿಕ್ಕ ಅಳತೆ ಗ್ಲಾಸನ್ನು ಎತ್ತಿಕೊಂಡಳು. ಮೊಹರಿನ ಬಾಟ್ಲಿಯಿಂದ ಒಂದು ಅಳತೆ ಸುರಿದಳು. ಮೇಲೆ ನೀರು ಹಾಕಿದಳು. ಚೆನ್ನಾಗಿ ಕಲಕಿದಳು. ಅದರಿಂದ ಮತ್ತೆ ಒಂದು ಅಳತೆ ತೆಗೆದು ಮತ್ತೆ ನೀರು. ತಲೆ ಕೆಲಸ ಮಾಡುವ ಮೊದಲೇ ಕೈ ಮಾಡಿ ಮುಗಿಸಿತ್ತು.

ಈ ಸಲ ಗುಲಾಬಿ ಬಣ್ಣ ಹೋಗಲು ಹೊತ್ತಾಗಲಿಲ್ಲ. ಎರಡು ಮಿಲಿಲೀಟರ್ ಆಸಿಡ್ ಬಿದ್ದದ್ದೇ ತಡ, ನೀರಿನ ಹಾಗೆ ತಿಳಿಯಾಯಿತು.

ಮೇಷ್ಟ್ರು ಕೊಳವೆಯ ಗೆರೆಗೆ ಕಣ್ಣು ಹಚ್ಚಿ ನೋಡಿದರು. ಆಮೇಲೆ ಅವಳನ್ನು ನೋಡಿದರು.

"0.0200" ಎಂದರು. "ನನ್ನ ವರದೀಲಿರೋದೇ. ಒಂದಿಷ್ಟೂ ಹೆಚ್ಚಿಲ್ಲ, ಕಡಿಮೆ ಇಲ್ಲ. ಏನು ಮಾಡಿದ್ರಿ ನೀವು?"

"ನೀವು ಹೇಳಿದ ಹಾಗೇ ಮಾಡಿದೆ."

"ಸುಳ್ಳು! ನೀರು ಎಷ್ಟು ಹಾಕಿದ್ರಿ?"

"ಹತ್ತು ಅಳತೆ."

"ಹತ್ತು ಅಳತೆ ನೀರು! ಒಂದು ಅಳತೆ ಸರಕಿನ ಮೇಲೆ ಹತ್ತು ಅಳತೆ ನೀರು! ಒಟ್ಟು ಎಷ್ಟಾಯ್ತು? ಹನ್ನೊಂದು. ನಾನು ಏನು ಹೇಳಿದ್ದೆ? ನೀರು ಎಷ್ಟು ಹಾಕಿದ್ರಿ ಅನ್ನೋದಲ್ಲ ಅಮ್ಮ, ಕೊನೆಗೆ ಒಟ್ಟು ಎಷ್ಟಾಯ್ತು ಅನ್ನೋದು ಮುಖ್ಯ. ಒಂಬತ್ತು ಹಾಕಿ ನಿಲ್ಲಿಸ್ಬೇಕಿತ್ತು. ನನ್ನ ಕ್ಲಾಸಲ್ಲಿ ಹೀಗೆ ಮಾಡಿದವರನ್ನ ಹೊರಗೆ ಕಳಿಸ್ತಿದ್ದೆ!" ಎಂದು ಬೈಯುತ್ತ ಹೋದವರು ಅಲ್ಲಿಗೇ ನಿಂತರು. ಬೆರಳು ಮಡಿಸಿ ಎಣಿಸಿದರು. "ಹನ್ನೊಂದ್ಹನ್ನೊಂದ್ಲ ನೂರಿಪ್ಪತ್ತೊಂದು. 2.42ನ್ನ ನೂರಿಪ್ಪತ್ತೊಂದರಿಂದ ಭಾಗಿಸಿದ್ರೆ... 0.02."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಒಂದೇ ಸರಕು" ಎಂದರು ಮೇಷ್ಟ್ರು ಮೆಲ್ಲಗೆ. "ನನ್ನದೇ ತಪ್ಪು, ಒಪ್ಪಿದೆ. ನೀರು ಬೆರೆಸಿದಾರೆ, ಎರಡು ಸಲ. ಆದ್ರೆ ಬೆರೆಸಿದೋನು ಲ್ಯಾಬ್ ಕಂಡೋನಲ್ಲ. ಒಂದಕ್ಕೆ ಹತ್ತು ನೀರು ಹಾಕೋ ಕೈ ಅದು. ಗಿಡಕ್ಕೆ ಔಷಧಿ ಹೊಡೆಯೋರು ಹಾಗೆ ಮಾಡ್ತಾರೆ. ನೆಲ ಒರೆಸೋರು ಮಾಡ್ತಾರೆ. ಹಳೇ ಕಾಲದ ಫೋಟೋ ಸ್ಟುಡಿಯೋದವರು ಮಾಡ್ತಿದ್ರು. ನಿಮಗೆಲ್ಲಿಂದ ಬಂತಮ್ಮ ಈ ಅಭ್ಯಾಸ?"

ಇನ್ಸ್‌ಪೆಕ್ಟರಮ್ಮ ಅಳತೆ ಗ್ಲಾಸನ್ನು ಮೇಜಿನ ಮೇಲಿಟ್ಟಳು.

ಅವಳ ಕಣ್ಣ ಮುಂದೆ ಕೆಂಪು ದೀಪದ ಒಂದು ಕೋಣೆ ಬಂದು ನಿಂತಿತ್ತು. ತೀರಿಕೊಂಡ ಅಪ್ಪನ ಸ್ಟುಡಿಯೋದ ಡಾರ್ಕ್‌ರೂಮು. ಫೋಟೋ ತೊಳೆಯುವ ದ್ರಾವಣ ಬೆರೆಸಲು ಅಪ್ಪ ಹೇಳಿಕೊಟ್ಟ ಒಂದೇ ಪಾಠ: ಒಂದು ಅಳತೆ ಔಷಧ, ಹತ್ತು ಅಳತೆ ನೀರು. ಶಾಲೆಯ ಮಗ್ಗಿ ಬರುವ ಮೊದಲೇ ಆ ಲೆಕ್ಕ ಕೈಗೆ ಬಂದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಅವಳ ಜೊತೆ ಅದೇ ಪಾಠ ಕಲಿತವನು ತಮ್ಮ. ಈಗ ಪೊಲೀಸ್ ಇಲಾಖೆಗೆ ಫೋಟೋ ತೆಗೆಯುವವನು. ಠಾಣೆಯವರೆಲ್ಲ ಅವನನ್ನು ಫ್ಲ್ಯಾಶ್ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯ ಆ ಬಾಟ್ಲಿಯ ಫೋಟೋ ತೆಗೆದವನು ಅವನೇ. ಒಂದನೇ ಮಾದರಿಯನ್ನು ಪ್ರಯೋಗಾಲಯಕ್ಕೆ ತಲುಪಿಸಿದವನೂ ಅವನೇ.

ಬೇರೆ ಯಾರ ಕೈಗೂ ಅದು ಹೋಗಿರಲಿಲ್ಲ.

* * *

ಪ್ರಯೋಗಾಲಯದ ಹೊರಗೆ ಬೆಂಚಿನ ಮೇಲೆ ಜೋರಮ್ಮ ಕೂತಿದ್ದಳು. ಪಕ್ಕದಲ್ಲಿ ಅವಳ ಅಕ್ಕನ ಮಗಳು. ಕಣ್ಣಿಗೆ ಕಪ್ಪು ಕನ್ನಡಕ. ಕೆನ್ನೆಯ ಮೇಲೆ ಕಾಸ್ಟಿಕ್ ಇಳಿದ ದಾರಿ ಇನ್ನೂ ಕೆಂಪಗೆ ಕಾಣುತ್ತಿತ್ತು.

ಈಕೆ ತೊಳೆಯುವ ವಿಭಾಗದ ಮುಖ್ಯಸ್ಥೆಯಾಗಿದ್ದವಳು. ಕೈಗವಸು ಹರಿದರೆ ಯಜಮಾನನ ಕೋಣೆಗೇ ನುಗ್ಗಿ ಕೇಳುತ್ತಿದ್ದಳು. ಕನ್ನಡಕ, ಗವಸು, ಕಣ್ಣು ತೊಳೆಯುವ ಬಾಟ್ಲಿ ಎಲ್ಲ ಕಳಪೆ ಸರಕು, ಬರೆದು ದೂರು ಕೊಡುತ್ತೇನೆ ಎಂದು ಹೆದರಿಸಿದ ವಾರದಲ್ಲೇ ಅವಳ ಕಣ್ಣು ಹೋಗಿತ್ತು.

"ಇನ್ಸ್‌ಪೆಕ್ಟರಮ್ಮ ಬಂದ್ರು ಚಿಕ್ಕಮ್ಮ" ಎಂದಳು ಅಕ್ಕನ ಮಗಳು.

"ಏನಾಯ್ತಮ್ಮಾ?" ಜೋರಮ್ಮನ ದನಿ ಇಡೀ ಓಣಿಗೆ ಕೇಳಿಸಿತು. "ಬಾಟ್ಲೀಲಿದ್ದದ್ದು ಬರೀ ನೀರೋ, ನನ್ನ ತಲೇಲಿದ್ದದ್ದು ಬರೀ ನೀರೋ?"

"ಬಾಟ್ಲೀಲಿದ್ದದ್ದು ತೊಟ್ಟಿಯ ಕಾಸ್ಟಿಕ್ಕೇ. ಗೊತ್ತಾಯ್ತು."

ಜೋರಮ್ಮ ಒಂದು ಸಲ ಜೋರಾಗಿ ಉಸಿರೆಳೆದುಕೊಂಡಳು. ಆಮೇಲೆ ಕೈಗೆ ಸಿಕ್ಕಿದ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನ್ನ ಮನೇಲೇ ನಂಬಲಿಲ್ಲ ಕಣಮ್ಮಾ. ನೀನೇ ಎರಚ್ಕೊಂಡಿರ್ಬೇಕು, ನಿಂಗೆ ಯಾವಾಗ್ಲೂ ಅವಸರ ಅಂದ್ರು ನನ್ನ ಗಂಡ. ನಾನೂ ರಾತ್ರಿಯೆಲ್ಲ ಯೋಚ್ನೆ ಮಾಡ್ತಿದ್ದೆ. ಹೌದೇನೋ, ನಾನೇ ಮಾಡ್ಕೊಂಡ್ನೇನೋ ಅಂತ. ಕಣ್ಣು ಹೋದ್ರೆ ಹೋಗ್ಲಿ, ಬುದ್ಧೀನೂ ಹೋಯ್ತಾ ಅಂತ ಹೆದರಿಕೆ ಆಗಿತ್ತು."

"ನಿಮ್ಮ ತಪ್ಪಲ್ಲ."

"ಹಂಗಾದ್ರೆ ಯಾರ್ದು? ನೀರು ಬೆರೆಸಿ ನನ್ನ ಸುಳ್ಳಿ ಮಾಡಿದ್ದು ಯಾರು?"

ಎದುರಿಗಿದ್ದವಳಿಗೆ ತನ್ನ ಮುಖ ಕಾಣಿಸುವುದಿಲ್ಲ ಎಂಬುದು ಆ ಹೊತ್ತಿಗೆ ಇನ್ಸ್‌ಪೆಕ್ಟರಮ್ಮನಿಗೆ ಸಮಾಧಾನ ತಂದಿತು. ಹಾಗೆ ಸಮಾಧಾನವಾಗಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಯಾರೇ ಆಗಿರ್ಲಿ, ಸಾಹೇಬ್ರು ಸಹಿ ಹಾಕೋ ಮುಂಚೆ ಅವರ ಹೆಸರು ಹೇಳ್ತೀನಿ" ಎಂದಳು.

"ಯಾರೇ ಆಗಿರ್ಲಿ" ಎಂದು ಜೋರಮ್ಮ ಗಟ್ಟಿಯಾಗಿ ಕೈ ಹಿಡಿದುಕೊಂಡಳು.

* * *

ಸ್ಟುಡಿಯೋದ ಬೋರ್ಡಿನ ಬಣ್ಣ ಹೋಗಿತ್ತು. ಈಗ ಅಲ್ಲಿಗೆ ಬರುವವರು ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ಬೇಕಾದವರಷ್ಟೇ. ಬಿಡುವಿದ್ದಾಗ ತಮ್ಮ ಆ ಕೆಲಸ ಮಾಡುತ್ತಿದ್ದ. ಹಿಂದಿನ ಎರಡು ಕೋಣೆಗಳಲ್ಲಿ ಅವನೂ ಅಮ್ಮನೂ ಸಂಸಾರ.

ಅಕ್ಕ ಬಾಗಿಲು ಹಾಕಿ ಚಿಲಕ ಇಟ್ಟಾಗ ಅವನು ಕತ್ತರಿ ಹಿಡಿದು ಫೋಟೋದ ಅಂಚು ಕತ್ತರಿಸುತ್ತಿದ್ದ.

"ಏನಕ್ಕ, ಡ್ಯೂಟಿ ಬಟ್ಟೇಲಿ ಬಂದಿದೀಯ? ಅರೆಸ್ಟ್ ಮಾಡೋಕೆ ಬಂದ್ಯಾ?" ಎಂದು ನಕ್ಕ.

ಅವಳು ನಗಲಿಲ್ಲ. ಅವನ ನಗು ಅಲ್ಲೇ ಬತ್ತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಇನ್ನೂ ಕುಂಬಳಕಾಯಿ ಎಂದಿರಲೂ ಇಲ್ಲ.

"ಆವತ್ತು ಮಾದರೀನ ನೇರವಾಗಿ ಲ್ಯಾಬಿಗೆ ಕೊಟ್ಯಾ?"

"ಇಲ್ಲ. ಹೋಗೋಷ್ಟರಲ್ಲಿ ಲ್ಯಾಬ್ ಮುಚ್ಚಿತ್ತು. ಮನೇಲಿಟ್ಕೊಂಡು ಬೆಳಿಗ್ಗೆ ಕೊಟ್ಟೆ. ನಿನಗೆ ಹೇಳಿದ್ನಲ್ಲ."

"ಮೊಹರು ಯಾವಾಗ ಹಾಕ್ದೆ?"

ಕತ್ತರಿ ನಿಂತಿತು.

"ಯಾವಾಗ ಹಾಕ್ದೆ ಅಂತ ಕೇಳ್ದೆ."

"ಬೆಳಿಗ್ಗೆ."

"ಅಂದ್ರೆ ರಾತ್ರಿಯೆಲ್ಲ ಬಾಟ್ಲಿ ಬಾಯಿ ತೆರ್ಕೊಂಡು ಇಲ್ಲಿ ಕೂತಿತ್ತು. ಒಂದು ಅಳತೆ ಔಷಧ, ಹತ್ತು ಅಳತೆ ನೀರು. ಅಪ್ಪ ಹೇಳಿಕೊಟ್ಟಿದ್ದು ಎಷ್ಟು ಚೆನ್ನಾಗಿ ಉಪಯೋಗಕ್ಕೆ ಬಂತು ನೋಡು! ಬೇರೆ ಯಾರಾದ್ರೂ ಆಗಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಕಣೋ. ನನ್ನ ಕೈಯೇ ನಿನ್ನ ಹಿಡ್ಕೊಡ್ತು."

ಅವನು ಸುಳ್ಳು ಹೇಳಲು ಬಾಯಿ ತೆರೆದ. ಅಕ್ಕನ ಮುಖ ನೋಡಿ ಮುಚ್ಚಿದ. ಚಿಕ್ಕಂದಿನಿಂದಲೂ ಅವನಿಗೆ ಅವಳೆದುರು ಸುಳ್ಳು ಬರುತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಸಿಟ್ಟಿನಿಂದಲೇ ಬಂತು.

"ಬೇಲೀನೇ ಎದ್ದು ಹೊಲ ಮೇಯ್ತಲ್ಲೋ! ಆ ಹೆಂಗಸಿಗೆ ಕಣ್ಣಿಲ್ಲ. ಈಗ ಅವಳ ಗಂಡ ಕೂಡ ಅವಳನ್ನ ನಂಬ್ತಿಲ್ಲ. ಯಜಮಾನ ಏನು ಆಸೆ ತೋರಿಸ್ದ ನಿನಗೆ?"

"ಯಜಮಾನನ ಮುಖವನ್ನೇ ನಾನು ನೋಡಿಲ್ಲ" ಎಂದ ತಮ್ಮ. "ಭಾವ ಕೇಳಿದ್ರು."

ಇನ್ಸ್‌ಪೆಕ್ಟರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಭಾವ ಎಂದರೆ ತನ್ನ ಗಂಡ ಎಂದು ಅವಳ ತಲೆಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಊರಿನ ಅರ್ಧ ಕಾರ್ಖಾನೆಗಳಿಗೆ ಗವಸು, ಕನ್ನಡಕ, ಕಣ್ಣು ತೊಳೆಯುವ ಬಾಟ್ಲಿ ಮಾರುವ ಅಂಗಡಿ ಅವನದು. ಜೋರಮ್ಮನ ಕಾರ್ಖಾನೆಯೂ ಆ ಅರ್ಧದಲ್ಲಿತ್ತು. ಅದು ಅವಳಿಗೂ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು. ಬಾಟ್ಲಿ ಮಾರಿದವನಿಗೂ ಅದರೊಳಗೆ ಕಾಸ್ಟಿಕ್ ತುಂಬಿದವನಿಗೂ ಏನು ಸಂಬಂಧ ಎಂದು ಇಬ್ಬರೂ ಸುಮ್ಮನಾಗಿದ್ದರು.

"ಏನಂತ ಕೇಳಿದ್ರು?"

"ಆವತ್ತು ಸಂಜೆ ಫೋನ್ ಮಾಡಿದ್ರು. ಬಾಟ್ಲಿ ನಮ್ಮ ಅಂಗಡೀದು, ಹೆಸರು ಕೆಟ್ರೆ ವ್ಯಾಪಾರ ಮುಳುಗುತ್ತೆ, ಸ್ವಲ್ಪ ತೆಳು ಮಾಡಿಬಿಡು, ಅಕ್ಕನಿಗೆ ಹೇಳ್ಬೇಡ ಅಂದ್ರು. ನಿನ್ನ ಸಂಸಾರ ಅಲ್ವಾ ಅಕ್ಕ? ಇಲ್ಲ ಅನ್ನೋಕಾಗ್ಲಿಲ್ಲ. ಆದ್ರೆ ಒಂದೇ ಸಲ ಹಾಕ್ದೆ ನಾನು. ಒಂದು ಸಲ ಹಾಕಿದ್ರೆ ಕಣ್ಣು ಸುಡೋಷ್ಟಾದ್ರೂ ಉಳಿಯುತ್ತೆ, ತಪ್ಪು ಕಾರ್ಖಾನೆ ಮೇಲೇ ಇರುತ್ತೆ, ಅವಳಿಗೂ ಏನಾದ್ರೂ ಸಿಗುತ್ತೆ ಅಂತ ಅಂದ್ಕೊಂಡೆ."

"ಎಂಥಾ ಪುಣ್ಯಾತ್ಮ! ಅರ್ಧ ಕೊಲೆ ಮಾಡಿ ಅರ್ಧ ಬಿಟ್ಯಾ?" ಎಂದವಳು ತಟ್ಟನೆ ತಡೆದಳು. "ಏನಂದೆ? ಒಂದೇ ಸಲಾನಾ?"

"ಒಂದೇ ಸಲ."

"ಸುಳ್ಳು ಹೇಳ್ಬೇಡ."

"ಅಪ್ಪನಾಣೆ."

ಅವಳು ಮನಸ್ಸಿನಲ್ಲೇ ಭಾಗಾಕಾರ ಮಾಡಿದಳು. 2.42ಕ್ಕೆ ಒಂದು ಸಲ ಹತ್ತು ಅಳತೆ ನೀರು ಹಾಕಿದರೆ ಹನ್ನೊಂದನೇ ಒಂದು ಪಾಲು, 0.22. ಅಷ್ಟಿದ್ದರೆ ಬರೀ ಉರಿ ತರಿಸುವ ನೀರು ಎಂದು ತೊಟ್ಟು ಮೇಷ್ಟ್ರು ಜನ್ಮದಲ್ಲಿ ಬರೆಯುತ್ತಿರಲಿಲ್ಲ. ಅವರ ಕೈಗೆ ಬಂದದ್ದು 0.02. ಇನ್ನೂ ಒಂದು ಸಲ ಹನ್ನೊಂದನೇ ಒಂದು. ನೀರು ಎಷ್ಟೇ ಹಾಕಿದರೂ ಒಳಗಿರುವ ಕಾಸ್ಟಿಕ್ ಎಲ್ಲಿಗೂ ಹಾರಿಹೋಗುವುದಿಲ್ಲ. ಅದೇ ಬಾಟ್ಲಿಯಲ್ಲಿ ಅದು ಇನ್ನಷ್ಟು ತೆಳುವಾಗಬೇಕಾದರೆ ಯಾರಾದರೂ ಒಂದು ಅಳತೆ ತೆಗೆದು, ಉಳಿದದ್ದು ಚೆಲ್ಲಿ, ಮತ್ತೆ ನೀರು ತುಂಬಲೇಬೇಕು.

"ಹಾಗಾದ್ರೆ ಎರಡನೇ ಸಲ ಹಾಕಿದ್ದು ಯಾರು?"

ತಮ್ಮ ಅವಳನ್ನೇ ದಿಟ್ಟಿಸಿದ. ಅವನ ಮುಖದಲ್ಲಿ ಭಯ ಇಳಿದು ಗೊಂದಲ ಹತ್ತಿತು.

"ಯಾಕಕ್ಕ ಹೀಗೆ ಕೇಳ್ತೀಯ? ನೀನೇ ಅಲ್ವಾ?"

"ನಾನಾ?"

"ಬೆಳಿಗ್ಗೆ ಮೊಹರು ಹಾಕೋಕೆ ಹೋದ್ರೆ ಬಾಟ್ಲಿ ಕುತ್ತಿಗೆವರೆಗೂ ತುಂಬಿತ್ತು. ನಾನು ಅಷ್ಟು ತುಂಬಿರ್ಲಿಲ್ಲ. ಆವತ್ತು ರಾತ್ರಿ ನೀನೂ ಇಲ್ಲೇ ಮಲಗಿದ್ದೆ. ಅಕ್ಕನಿಗೆ ಗೊತ್ತಾಗಿದೆ, ನನ್ನನ್ನೂ ಭಾವನನ್ನೂ ಉಳಿಸೋಕೆ ಅವಳೇ ಇನ್ನೊಂದ್ಸಲ ಹಾಕಿದಾಳೆ ಅಂತ ಅಂದ್ಕೊಂಡೆ. ಬಾಯಿ ಬಿಟ್ಟು ಕೇಳೋಕೆ ಧೈರ್ಯ ಬರ್ಲಿಲ್ಲ. ಇಷ್ಟು ದಿನ ನಿನ್ನ ಮುಖ ನೋಡಿದಾಗೆಲ್ಲ, ನನ್ನಿಂದ ನೀನೂ ಕೆಟ್ಟೆಯಲ್ಲ ಅಂತ ಸಾಯ್ತಿದ್ದೆ ಅಕ್ಕ."

ಅವಳು ಫೋಟೋ ತೆಗೆಸಿಕೊಳ್ಳುವವರ ಸ್ಟೂಲಿನ ಮೇಲೆ ಕೂತಳು. ತಮ್ಮ ತನ್ನನ್ನು ಕಳ್ಳಿ ಎಂದುಕೊಂಡು ಅದಕ್ಕಾಗಿಯೇ ಇನ್ನಷ್ಟು ಪ್ರೀತಿಸಿದ್ದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಜೇಬಿನಲ್ಲಿ ಫೋನು ಅದುರಿತು. ಸ್ಪೀಕರಿನ ಗುಂಡಿ ಒತ್ತಿ ತೊಡೆಯ ಮೇಲಿಟ್ಟುಕೊಂಡಳು. ತಮ್ಮನೂ ಕೇಳಲಿ ಎಂದು.

"ಏನಮ್ಮ, ನಿಮ್ಮ ಮೇಷ್ಟ್ರು ಫೋನ್ ಮಾಡಿದ್ರು" ಎಂದಿತು ಸಾಹೇಬರ ದನಿ. "ಮಾದರಿಗೆ ನೀರು ಬೆರೆಸಿದಾರಂತೆ. ಸರಿ. ಯಾರು ಅಂತ ಹೇಳಿ. ಹೆಸರಿದ್ರೆ ಕೇಸು ಉಳಿಯುತ್ತೆ. ಹೆಸರಿಲ್ಲದೆ ಮೇಲಿನವರ ಮುಂದೆ ನಾನು ನೀರಿನ ಕತೆ ಹೇಳ್ಕೊಂಡು ಕೂರೋಕಾಗಲ್ಲ. ಸಹಿ ಹಾಕೋಕೆ ಪೆನ್ನು ಕೈಲಿದೆ."

ತಮ್ಮ ತಲೆ ತಗ್ಗಿಸಿ ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿದ. ಕೋಳ ಹಾಕು ಎನ್ನುವ ಹಾಗೆ. ಉಗುರು ಕಚ್ಚುವ ಅವನ ಚಿಕ್ಕಂದಿನ ಅಭ್ಯಾಸ ಹೋಗಿರಲಿಲ್ಲ. ಆದರೂ ಹೇಳಬೇಕಿತ್ತು. ಜೋರಮ್ಮ ಕೈ ಹಿಡಿದ ಬಿಸಿ ಇನ್ನೂ ಆರಿರಲಿಲ್ಲ.

"ಹೇಳ್ತೀನಿ ಸಾರ್, ಒಂದೇ ನಿಮಿಷ" ಎಂದಳು.

"ಅವನ ಹೆಸರು ಹೇಳ್ಬೇಡ. ನನ್ನ ಹೆಸರು ಹೇಳು."

ಒಳಬಾಗಿಲಲ್ಲಿ ಅಮ್ಮ ನಿಂತಿದ್ದಳು. ಯಾವಾಗ ಬಂದಳೋ ಇಬ್ಬರಿಗೂ ಗೊತ್ತಾಗಿರಲಿಲ್ಲ. ಡಾರ್ಕ್‌ರೂಮಿನಲ್ಲಿ ಅಪ್ಪನ ಜೊತೆ ಮೂವತ್ತು ವರ್ಷ ದ್ರಾವಣ ಬೆರೆಸಿದವಳು ಅವಳು. ಮಕ್ಕಳಿಬ್ಬರೂ ಆ ಕೆಲಸ ಆಟಕ್ಕೆ ಕಲಿತಿದ್ದರು, ಅವಳು ಹೊಟ್ಟೆಪಾಡಿಗೆ ಮಾಡಿದ್ದಳು. ಮಗಳು ಲೆಕ್ಕ ಹಾಕುವಾಗ ಎಲ್ಲರನ್ನೂ ಎಣಿಸಿ ಹೆತ್ತವಳನ್ನು ಬಿಟ್ಟಿದ್ದಳು.

ಇನ್ಸ್‌ಪೆಕ್ಟರಮ್ಮ ಅಂಗೈಯಿಂದ ಫೋನಿನ ಬಾಯಿ ಮುಚ್ಚಿದಳು.

"ನೀನಾ ಅಮ್ಮ? ಇವನನ್ನ ಉಳಿಸೋಕಾ?"

"ಇವನಿಗೆ ಏನಾಗ್ತಿತ್ತು? ಕೆಲಸ ಹೋಗ್ತಿತ್ತು, ಇನ್ನೊಂದು ಸಿಗ್ತಿತ್ತು." ಅಮ್ಮನ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. "ಇವನು ಒಂದ್ಸಲ ಹಾಕಿ ಮಲಗಿದ್ದ. ನಾನು ಬೆರಳದ್ದಿ ಉಜ್ಜಿ ನೋಡಿದೆ. ಕಾಸ್ಟಿಕ್ಕಿನ ಜಾರು ಇನ್ನೂ ಇತ್ತು. ಅಷ್ಟಿದ್ರೂ ನೀನು ಬಿಡಲ್ಲ, ತುಂಬಿದೋನು ಯಾರು ಅಂತ ಹುಡುಕ್ಕೊಂಡು ಹೋಗ್ತೀಯ ಅಂತ ಗೊತ್ತಿತ್ತು. ನಿನ್ನ ಹಟ ನಾನು ಹೆತ್ತದ್ದೇ ಅಲ್ವಾ? ಅದಕ್ಕೇ ಇನ್ನೊಂದ್ಸಲ ಹಾಕ್ದೆ. ನಿನಗೋಸ್ಕರ ಹಾಕ್ದೆ."

"ನನಗೋಸ್ಕರಾನಾ? ನಾನೇನು ಮಾಡಿದೀನಿ?"

"ನೀನು ಏನೂ ಮಾಡಿಲ್ಲ. ಆವತ್ತು ಸಂಜೆ ನಿನಗಿಂತ ಮುಂಚೆ ನಿನ್ನ ಗಂಡ ಇಲ್ಲಿಗೆ ಬಂದಿದ್ದ. ಎರಡು ಅಂಗೈಯೂ ಬೆಂದು ಬೆಳ್ಳಗಾಗಿತ್ತು. ನಾನೇ ನೀರು ಹಾಕಿ ತೊಳೆದೆ. ತೊಳೆದಷ್ಟೂ ಸಾಬೂನು ಹಚ್ಚಿದ ಹಾಗೆ ಜಾರ್ತಾನೇ ಇತ್ತು. ಬೆಂಕಿ ಸುಟ್ಟಿದ್ದು ಹಾಗೆ ಜಾರಲ್ಲ ಕಣೇ, ಬಾಟ್ಲಿಗೆ ಕಾಸ್ಟಿಕ್ ತುಂಬಿದ ಕೈ ಜಾರುತ್ತೆ."

ಅಂಗೈಯ ಕೆಳಗೆ ಸಾಹೇಬರ ದನಿ ಗುಂಯ್ ಅನ್ನುತ್ತಿತ್ತು. ಆ ಘಟನೆಯ ಮರುದಿನ ಅವಳು ಮನೆಗೆ ಹೋದಾಗ ಗಂಡ ಬಟ್ಟೆ ಸುತ್ತಿದ ಕೈಗಳನ್ನು ಚಾಚಿದ್ದ. ಕಾರಿನ ರೇಡಿಯೇಟರ್ ಮುಚ್ಚಳ ತೆಗೆಯೋಕೆ ಹೋಗಿ ಹೀಗಾಯ್ತು ಎಂದಿದ್ದ. ಗಾಯಕ್ಕೆ ಮುಲಾಮು ಹಚ್ಚಿದವಳು ಅವಳೇ. ಅನ್ನ ಕಲಸಿ ಬಾಯಿಗಿಟ್ಟವಳೂ ಅವಳೇ.

"ರೇಡಿಯೇಟರ್ ಅಂದ್ರಲ್ಲ ಅಮ್ಮ" ಎಂದಳು. ಅವಳ ದನಿ ಇನ್ಸ್‌ಪೆಕ್ಟರಮ್ಮನದಾಗಿರಲಿಲ್ಲ.

"ಹಾಗೆ ಹೇಳು ಅಂತ ಹೇಳಿಕೊಟ್ಟವಳೂ ನಾನೇ" ಎಂದಳು ಅಮ್ಮ. "ಈಗ ಕೈ ತೆಗಿ. ಸಾಹೇಬ್ರು ಹೆಸರು ಕೇಳ್ತಿದಾರೆ. ಯಾರದ್ದು ಹೇಳ್ತೀಯೋ ಹೇಳು."